ಶಾರ್ಟ್‌ವೇವ್ ಸೆಟ್ಟನ್ನು ದೂರುವ ಮೊದಲು

ಹೊಸ ಶಾರ್ಟ್‌ವೇವ್ ರೇಡಿಯೊ ತರಿಸಿಕೊಂಡವರ ಮೊದಲ ದಿನ ಬಹುಮಟ್ಟಿಗೆ ಒಂದೇ ಥರ ಕಳೆಯುತ್ತದೆ. ಮಧ್ಯಾಹ್ನ ಕೊರಿಯರ್ ಬರುತ್ತದೆ. ಡಬ್ಬ ಬಿಚ್ಚಿ, ಸೆಟ್ಟನ್ನು ಚಾರ್ಜಿಗೆ ಹಾಕಿ, ಹಾಲಿನಲ್ಲಿ ಟಿವಿ ಪಕ್ಕದಲ್ಲೇ ಆಂಟೆನಾ ಎಳೆದು 49 ಮೀಟರ್ ಬ್ಯಾಂಡಿನಲ್ಲಿ ಹುಡುಕಲು ಕೂರುತ್ತಾರೆ. ಗೊರ್ರೆನ್ನುವ ಸದ್ದು ಬಿಟ್ಟರೆ ಏನೂ ಸಿಗುವುದಿಲ್ಲ. ಸಂಜೆಯೊಳಗೆ ವಾಪಸು ಕಳಿಸುವ ಮಾತು ಶುರುವಾಗಿರುತ್ತದೆ. ಸೆಟ್ಟಿನಲ್ಲಿ ನಿಜವಾಗಿಯೂ ದೋಷ ಇರಬಹುದು. ಆದರೆ ಈ ಪರೀಕ್ಷೆಯಿಂದ ಅದು ತಿಳಿಯುವುದಿಲ್ಲ. ಆ ಹೊತ್ತಿಗೆ ಆ ಬ್ಯಾಂಡು ಸತ್ತಿರುತ್ತದೆ, ಟಿವಿಯೂ ಚಾರ್ಜರೂ ಸದ್ದು ಮಾಡುತ್ತಿರುತ್ತವೆ.

ಎಫ್‌ಎಂ ಸೆಟ್ಟನ್ನು ಅಂಗಡಿಯ ಕಟ್ಟೆಯ ಮೇಲೇ ಪರೀಕ್ಷಿಸಬಹುದು. ಸ್ಟೇಷನ್ನು ಊರಲ್ಲೇ ಇರುತ್ತದೆ, ಹಗಲು ರಾತ್ರಿಯ ಭೇದವಿಲ್ಲ. ಶಾರ್ಟ್‌ವೇವ್‌ನಲ್ಲಿ ಕಿವಿಗೆ ಬೀಳುವುದರಲ್ಲಿ ಮೂರು ಪಾಲುದಾರರಿದ್ದಾರೆ: ಆಕಾಶ, ಮನೆ, ಸೆಟ್. ಮೊದಲ ಎರಡರ ಲೆಕ್ಕ ಚುಕ್ತಾ ಮಾಡಿದ ಮೇಲೆ ಉಳಿದದ್ದು ಸೆಟ್ಟಿನದು. ಕೇಳುವುದಕ್ಕೂ ಕೊಳ್ಳುವ ಮುನ್ನ ತೂಗಿ ನೋಡುವುದಕ್ಕೂ ಇದೇ ಕ್ರಮ ಒಳ್ಳೆಯದು.

ಮೊದಲು ಆಕಾಶ

ಶಾರ್ಟ್‌ವೇವ್ ಎಂದರೆ 3ರಿಂದ 30 ಮೆಗಾಹರ್ಟ್ಸ್‌ವರೆಗಿನ ಅಲೆಗಳು. ಭೂಮಿಯ ಮೇಲೆ ಸುಮಾರು 60 ಕಿಲೋಮೀಟರಿನಿಂದ ಶುರುವಾಗಿ ನೂರಾರು ಕಿಲೋಮೀಟರ್‌ವರೆಗೆ ಹಬ್ಬಿರುವ ಅಯಾನುಗೋಳ ಈ ಅಲೆಗಳನ್ನು ಬಾಗಿಸಿ ನೆಲಕ್ಕೆ ಮರಳಿಸುತ್ತದೆ. ಈ ಕೆಲಸ ಮುಖ್ಯವಾಗಿ ಮೇಲಿನ ಎಫ್ ಪದರದ್ದು. ಅದರ ಒಂದೇ ನೆಗೆತದಲ್ಲಿ ಅಲೆ ಮೂರು ಸಾವಿರ ಕಿಲೋಮೀಟರಿಗೂ ಆಚೆ ಇಳಿಯಬಲ್ಲದು. ತೀರಾ ಕೆಳಗಿರುವ ಡಿ ಪದರದ ಗುಣ ಬೇರೆ. ಬಿಸಿಲಿದ್ದಾಗ ಮಾತ್ರ ಗಟ್ಟಿಯಾಗಿರುವ ಅದು ಕಡಿಮೆ ಕಂಪನಾಂಕದ ಅಲೆಗಳನ್ನು ನುಂಗಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಕರಗಿಹೋಗುತ್ತದೆ.

ಬಳಸುವವರಿಗೆ ಬೇಕಾದ ಸೂತ್ರ ಇಲ್ಲಿಂದಲೇ ಬರುತ್ತದೆ. ಹಗಲಿನಲ್ಲಿ 10 ಮೆಗಾಹರ್ಟ್ಸ್‌ಗಿಂತ ಮೇಲೆ ಹುಡುಕಿ, ರಾತ್ರಿ ಅದಕ್ಕಿಂತ ಕೆಳಗೆ. ಡಯಲ್ಲಿನ ಮೇಲೆ ಮೀಟರಿನಲ್ಲಿ ಬರೆದಿದ್ದರೆ 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಲೆಕ್ಕ ಸಿಗುತ್ತದೆ. 9.6 ಮೆಗಾಹರ್ಟ್ಸ್ ಎಂದರೆ 31 ಮೀಟರ್ ಬ್ಯಾಂಡು, 15.4 ಎಂದರೆ 19 ಮೀಟರ್. ಸಾಮಾನ್ಯ ದಿನಗಳ ಅಂದಾಜು ಹೀಗಿರುತ್ತದೆ:

ನಡುಹಗಲು: 22, 19 ಮತ್ತು 16 ಮೀಟರ್ (13.6ರಿಂದ 17.9 ಮೆಗಾಹರ್ಟ್ಸ್)
ಬೆಳಿಗ್ಗೆ ಮತ್ತು ಇಳಿಹೊತ್ತು: 31 ಮತ್ತು 25 ಮೀಟರ್ (9.4ರಿಂದ 12.1)
ಕತ್ತಲಾದ ಮೇಲೆ: 49, 41 ಮತ್ತು 31 ಮೀಟರ್ (5.9ರಿಂದ 9.9)

ಒಂದೇ ಸ್ಟೇಷನ್ ದಿನದ ಬೇರೆ ಬೇರೆ ಹೊತ್ತಿಗೆ ಬೇರೆ ಬೇರೆ ಕಂಪನಾಂಕದಲ್ಲಿ ಬರುವುದಕ್ಕೂ ಇದೇ ಕಾರಣ. ವರ್ಷಕ್ಕೆರಡು ಸಲ, ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ, ಅಂತರರಾಷ್ಟ್ರೀಯ ಪ್ರಸಾರದ ವೇಳಾಪಟ್ಟಿಗಳು ಬದಲಾಗುತ್ತವೆ. ಮೊನ್ನೆಯವರೆಗೆ ಬರುತ್ತಿದ್ದ ಸ್ಟೇಷನ್ ಏಪ್ರಿಲ್ ಒಂದಕ್ಕೆ ಕಾಣೆಯಾದರೆ ಸ್ಕ್ರೂಡ್ರೈವರ್ ಹಿಡಿಯಬೇಡಿ, ಹೊಸ ಪಟ್ಟಿ ನೋಡಿ. ಪಟ್ಟಿಗಳಲ್ಲಿ ಇರುವುದು ಯುಟಿಸಿ ಸಮಯ; ಅದಕ್ಕೆ ಐದೂವರೆ ಗಂಟೆ ಸೇರಿಸಿದರೆ ನಮ್ಮ ಗಡಿಯಾರ. ಪಟ್ಟಿಯಲ್ಲಿ 1330 ಎಂದಿದ್ದರೆ ನಮಗೆ ಸಂಜೆ ಏಳು.

ಹತ್ತಿರದ ಸ್ಟೇಷನ್ನು ಜೋರಾಗಿ ಬರಬೇಕು ಎಂಬ ನಿರೀಕ್ಷೆಯೂ ಇಲ್ಲಿ ಕೈಕೊಡುತ್ತದೆ. ಆಕಾಶವಾಣಿಯು ವಿದೇಶ ಪ್ರಸಾರಕ್ಕಾಗಿ 500 ಕಿಲೋವ್ಯಾಟಿನ ಶಾರ್ಟ್‌ವೇವ್ ಪ್ರಸಾರಕಗಳನ್ನು ಸ್ಥಾಪಿಸಿದ್ದು ಬೆಂಗಳೂರಿನ ಯಲಹಂಕದ ಬಳಿ. ಅಂಥ ಪ್ರಸಾರಕದ ಅಲೆ ದೂರದೇಶದತ್ತ ಓರೆಯಾಗಿ ಮೇಲೆ ಹೋಗಿ ಸಾವಿರಾರು ಕಿಲೋಮೀಟರ್ ಆಚೆ ಇಳಿಯುತ್ತದೆ. ಯಲಹಂಕದ ಸುತ್ತ ನೆಲದ ಅಲೆ ಸಿಗುತ್ತದೆ, ಗಲ್ಫಿನಲ್ಲಿ ಆಕಾಶದ ಅಲೆ ಸಿಗುತ್ತದೆ. ನಡುವೆ ದಾವಣಗೆರೆಯಂಥ ಊರಿನಲ್ಲಿ ಎರಡೂ ಸಿಗದೆ ಹೋಗಬಹುದು. ಒಳನಾಡಿನ ಕೇಳುಗರಿಗಾಗಿ ಆಕಾಶವಾಣಿಯ ಕೇಂದ್ರಗಳು 5 ಮತ್ತು 7 ಮೆಗಾಹರ್ಟ್ಸ್ ಆಸುಪಾಸನ್ನು ಬಳಸುತ್ತಿದ್ದುದು ಇದಕ್ಕೇ. ಆ ಕಂಪನಾಂಕದ ಅಲೆಯನ್ನು ಹೆಚ್ಚುಕಡಿಮೆ ನೆತ್ತಿಯ ಮೇಲಕ್ಕೆ ಕಳಿಸಿದರೆ ಅದು ಸುತ್ತಮುತ್ತಲ ಜಿಲ್ಲೆಗಳ ಮೇಲೇ ಬಂದು ಬೀಳುತ್ತದೆ.

ದಕ್ಷಿಣ ಭಾರತದವರಿಗೆ ಇನ್ನೊಂದು ವಿಶೇಷವಿದೆ. ಭೂಮಿಯ ಕಾಂತೀಯ ಸಮಭಾಜಕ ರೇಖೆ ನಮ್ಮ ಕೆಳಗೇ, ತಿರುವನಂತಪುರದ ಹತ್ತಿರ ಹಾದುಹೋಗುತ್ತದೆ. ಅಲ್ಲೇ ಸಮೀಪದ ತುಂಬಾದಲ್ಲಿ 1963ರಲ್ಲಿ ರಾಕೆಟ್ ಉಡಾವಣೆ ಶುರುವಾದದ್ದು ಆ ಕಾರಣಕ್ಕೇ. ಈ ವಲಯದಲ್ಲಿ ಸೂರ್ಯ ಮುಳುಗಿದ ಒಂದೆರಡು ಗಂಟೆಗಳಲ್ಲಿ ಎಫ್ ಪದರ ಕದಡುತ್ತದೆ. ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನಲ್ಲಿ ಹೆಚ್ಚು. ಆಗ ವಾರ್ತೆ ಓದುವವರ ದನಿ ಚಳಿ ಹಿಡಿದಂತೆ ಪಟಪಟನೆ ನಡುಗುತ್ತದೆ. ತಡರಾತ್ರಿಗೆ ತಾನಾಗಿಯೇ ಸರಿಹೋಗುತ್ತದೆ. ಇದನ್ನು ಸ್ಪೀಕರ್ ಹರಿದಿದೆ ಎಂದುಕೊಂಡು ರಿಪೇರಿಗೆ ಒಯ್ಯುವುದುಂಟು.

ಸೂರ್ಯನ ಮರ್ಜಿಯೂ ಉಂಟು. ಸುಮಾರು 11 ವರ್ಷಗಳ ಚಕ್ರದಲ್ಲಿ ಸೌರಕಲೆಗಳು ಹೆಚ್ಚಿದಾಗ ಮೇಲಿನ ಬ್ಯಾಂಡುಗಳು ಚೆನ್ನಾಗಿ ತೆರೆದುಕೊಳ್ಳುತ್ತವೆ, ಕಡಿಮೆಯಾದಾಗ ಮಂಕಾಗುತ್ತವೆ. ದೊಡ್ಡ ಸೌರಜ್ವಾಲೆ ಎದ್ದರೆ ಹಗಲಿರುವ ಅರ್ಧಗೋಳದಲ್ಲಿ ಡಿ ಪದರ ಒಮ್ಮೆಲೇ ದಪ್ಪಗಾಗಿ ಶಾರ್ಟ್‌ವೇವ್ ಪೂರ್ತಿ ಬಾಯಿ ಮುಚ್ಚಿಕೊಳ್ಳಬಹುದು. ಎಲ್ಲ ಬ್ಯಾಂಡೂ ಒಟ್ಟಿಗೆ ಸುಮ್ಮನಾದರೆ ಒಂದೆರಡು ಗಂಟೆ ಕಾದು ನೋಡಿ.

ಕೊನೆಯದಾಗಿ, ಸ್ಟೇಷನ್ನುಗಳೇ ಕಡಿಮೆಯಾಗಿವೆ. ರೇಡಿಯೊ ಆಸ್ಟ್ರೇಲಿಯಾ 2017ರ ಜನವರಿ ಕೊನೆಗೆ ಶಾರ್ಟ್‌ವೇವ್ ಬಿಟ್ಟಿತು, ಬಿಬಿಸಿ ಹಿಂದಿಯ ಶಾರ್ಟ್‌ವೇವ್ ಪ್ರಸಾರ 2020ರ ಜನವರಿ 31ಕ್ಕೆ ನಿಂತಿತು. ಅದೇ ಬಿಬಿಸಿ, ಯುದ್ಧ ಶುರುವಾದ ಮೇಲೆ 2022ರ ಮಾರ್ಚಿನಲ್ಲಿ ಉಕ್ರೇನಿಗಾಗಿ ದಿನಕ್ಕೆ ನಾಲ್ಕು ಗಂಟೆ ಶಾರ್ಟ್‌ವೇವ್ ಪ್ರಸಾರ ತೆರೆಯಿತು. ಒಟ್ಟಾರೆ ಅಪ್ಪನ ಕಾಲದ ಗಿಜಿಗಿಜಿಯನ್ನು ನೆನಪಿನಲ್ಲಿಟ್ಟುಕೊಂಡು ಇವತ್ತಿನ ಸೆಟ್ಟನ್ನು ಅಳೆಯುವುದು ನ್ಯಾಯವಲ್ಲ.

ಆಮೇಲೆ ಮನೆ

ಇವತ್ತಿನ ಮನೆ ಶಾರ್ಟ್‌ವೇವ್‌ಗೆ ಶತ್ರು. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಯುಪಿಎಸ್, ಛಾವಣಿಯ ಸೋಲಾರ್ ಇನ್ವರ್ಟರ್ ಇವೆಲ್ಲ ವಿದ್ಯುತ್ತನ್ನು ಕ್ಷಣಕ್ಕೆ ಸಾವಿರಾರು ಸಲ ಕತ್ತರಿಸಿ ಜೋಡಿಸುತ್ತಿರುತ್ತವೆ. ಆ ಕತ್ತರಿಕೆಯ ಸದ್ದೇ ಸೆಟ್ಟಿನಲ್ಲಿ ಗೊರಗೊರ, ಜುಂಯ್ ಎಂದು ಕೇಳುವುದು. ಜೊತೆಗೆ ಆರ್‌ಸಿಸಿ ಸೂರಿನೊಳಗಿನ ಕಬ್ಬಿಣ ಮತ್ತು ತಗಡಿನ ಮಾಡು ಅಲೆಗಳನ್ನು ತಡೆಯುತ್ತವೆ. ಮಂಗಳೂರು ಹೆಂಚಿನ ಮನೆಯಲ್ಲಿ ಆ ತೊಂದರೆ ಕಡಿಮೆ.

ಪರೀಕ್ಷೆ ಸುಲಭ. ಸೆಟ್ಟನ್ನು ಸೆಲ್ ಮೇಲೆ ನಡೆಸಿ, ಸ್ಟೇಷನ್ ಇಲ್ಲದ ಒಂದು ಜಾಗದಲ್ಲಿ ಮುಳ್ಳು ನಿಲ್ಲಿಸಿ, ಮನೆಯವರಿಗೆ ಹೇಳಿ ಮೇನ್ ಸ್ವಿಚ್ ಆಫ್ ಮಾಡಿ. ಯುಪಿಎಸ್ ಇದ್ದರೆ ಅದನ್ನೂ. ಸದ್ದು ದಪ್ಪನೆ ಬಿದ್ದುಹೋದರೆ ಕಳ್ಳ ಮನೆಯೊಳಗೇ ಇದ್ದಾನೆ. ಮತ್ತೆ ಒಂದೊಂದೇ ಸ್ವಿಚ್ ಹಾಕುತ್ತ ಬಂದರೆ ಯಾರೆಂದು ಗೊತ್ತಾಗುತ್ತದೆ. ಎಷ್ಟೋ ಸಲ ಅದು ಮೂಲೆಯಲ್ಲಿ ಮರೆತುಹೋದ ಅಗ್ಗದ ಚಾರ್ಜರ್ ಆಗಿರುತ್ತದೆ. ಸೆಟ್ಟಿನ ಜೊತೆ ಕೊಟ್ಟ ಚಾರ್ಜರನ್ನೂ ನಂಬಬೇಡಿ. ಚಾರ್ಜ್ ಮಾಡುವುದು ಒಂದು ಹೊತ್ತು, ಕೇಳುವುದು ಇನ್ನೊಂದು ಹೊತ್ತು ಎಂದಿಟ್ಟುಕೊಳ್ಳುವುದು ವಾಸಿ.

ಮೇನ್ ಆಫ್ ಮಾಡಿಯೂ ಸದ್ದು ಇಳಿಯದಿದ್ದರೆ ಪಕ್ಕದ ಮನೆ, ಬೀದಿದೀಪ ಅಥವಾ ವಿದ್ಯುತ್ ಕಂಬದ ಇನ್ಸುಲೇಟರ್ ಕಾರಣವಿರಬಹುದು. ಸೆಟ್ಟನ್ನು ಎತ್ತಿಕೊಂಡು ತಾರಸಿಗೋ ಮೈದಾನಕ್ಕೋ ತೋಟಕ್ಕೋ ನಡೆಯಿರಿ. ಪೋರ್ಟಬಲ್ ಸೆಟ್ಟಿನ ದೊಡ್ಡ ಗುಣವೇ ಅದು: ಗದ್ದಲವನ್ನು ಮನೆಯಲ್ಲೇ ಬಿಟ್ಟು ಹೊರಗೆ ಬರಬಹುದು. ಮುಂದಿನ ಪರೀಕ್ಷೆಗಳನ್ನೆಲ್ಲ ಅಲ್ಲೇ ಮಾಡಬೇಕು. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯ ಸಂಜೆಗಳು ಮಾತ್ರ ಬೇಡ. ದೂರದ ಮಿಂಚೂ ಚಟ್ ಚಟಾರ್ ಎಂದು ಬ್ಯಾಂಡನ್ನೆಲ್ಲ ತುಂಬುತ್ತದೆ.

ಕೊನೆಗೆ ಸೆಟ್

ಡಬ್ಬದ ಮೇಲೆ ಹತ್ತು ಬ್ಯಾಂಡ್, ಹನ್ನೆರಡು ಬ್ಯಾಂಡ್ ಎಂದು ಬರೆದಿರುವುದನ್ನು ನೋಡಿ ಮರುಳಾಗಬೇಡಿ. ಒಂದು ಸೆಟ್ಟಿನ ಮೂರು ಗುಣಗಳನ್ನು ಅಳೆದರೆ ಸಾಕು: ಕ್ಷೀಣ ಸ್ಟೇಷನ್ನನ್ನು ಹಿಡಿಯುವ ಶಕ್ತಿ, ಪಕ್ಕದ ಸ್ಟೇಷನ್ನಿನಿಂದ ಬೇರ್ಪಡಿಸುವ ಶಕ್ತಿ, ಇಲ್ಲದ ಸ್ಟೇಷನ್ನನ್ನು ತಾನೇ ಹುಟ್ಟಿಸದಿರುವ ಗುಣ.

ಹಿಡಿಯುವ ಶಕ್ತಿಗೆ ಉಪಕರಣವಿಲ್ಲದ ಪರೀಕ್ಷೆ ಇದೆ. ಕತ್ತಲಾದ ಮೇಲೆ ಬಯಲಿನಲ್ಲಿ ನಿಂತು, 5ರಿಂದ 10 ಮೆಗಾಹರ್ಟ್ಸ್ ನಡುವೆ ಖಾಲಿ ಜಾಗವೊಂದನ್ನು ಹುಡುಕಿ, ಆಂಟೆನಾ ಕಡ್ಡಿಯನ್ನು ಪೂರ್ತಿ ಮಡಚಿ. ಕೇಳುವ ಸುಯ್ಯೆನ್ನುವ ಸದ್ದು ಸೆಟ್ಟಿನ ಒಳಗಿನದು. ಈಗ ಕಡ್ಡಿಯನ್ನು ಮೆಲ್ಲಗೆ ಎಳೆಯಿರಿ. ಸದ್ದು ಏರುತ್ತಾ ಬಂದರೆ ಸೆಟ್ಟು ಆಕಾಶದ ಸದ್ದನ್ನು ಕೇಳಿಸಿಕೊಳ್ಳುತ್ತಿದೆ ಎಂದರ್ಥ. ಅಲ್ಲಿಂದಾಚೆ ಅದು ಎಷ್ಟು ಸೂಕ್ಷ್ಮವಾಗಿದ್ದರೂ ಲಾಭವಿಲ್ಲ, ಏಕೆಂದರೆ ಆಕಾಶದ ಸದ್ದಿಗಿಂತ ಕೆಳಗಿರುವ ಸ್ಟೇಷನ್ನು ಹೇಗೂ ಕೇಳುವುದಿಲ್ಲ. ಕಡ್ಡಿ ಪೂರ್ತಿ ಎಳೆದರೂ ವ್ಯತ್ಯಾಸವೇ ಇಲ್ಲದಿದ್ದರೆ ಆ ಬ್ಯಾಂಡಿನಲ್ಲಿ ಸೆಟ್ಟು ಕಿವುಡು.

ಎರಡು ಸೆಟ್ಟುಗಳನ್ನು ಹೋಲಿಸುವುದಾದರೆ ಕ್ಷೀಣವಾಗಿ ಬರುವ ಸ್ಟೇಷನ್ನನ್ನೇ ಆರಿಸಿಕೊಳ್ಳಿ. ಜೋರಾದ ಸ್ಟೇಷನ್ನಿನಲ್ಲಿ ಎಲ್ಲ ಸೆಟ್ಟುಗಳೂ ಜಾಣರೇ. ಒಂದನ್ನು ಆಫ್ ಮಾಡಿ ಇನ್ನೊಂದನ್ನು ಕೇಳಿ. ಎರಡನ್ನೂ ಪಕ್ಕಪಕ್ಕ ಹಾಕಿದರೆ ಒಂದರೊಳಗಿನ ಆಸಿಲೇಟರ್ ಇನ್ನೊಂದರಲ್ಲಿ ಶಿಳ್ಳೆ ಹೊಡೆಯಬಹುದು. ಏರಿಳಿತ ಸಹಜವಾದ್ದರಿಂದ ಅದಲುಬದಲು ಮಾಡಿ ಹಲವು ಸಲ ಕೇಳಬೇಕು.

ಬೇರ್ಪಡಿಸುವ ಶಕ್ತಿಯ ಪರೀಕ್ಷೆಗೆ ರಾತ್ರಿ ಎಂಟರ ನಂತರದ 31 ಮೀಟರ್ ಒಳ್ಳೆಯ ಕಣ. ಶಾರ್ಟ್‌ವೇವ್ ಸ್ಟೇಷನ್ನುಗಳು ಸಾಮಾನ್ಯವಾಗಿ 5 ಕಿಲೋಹರ್ಟ್ಸ್ ಅಂತರದಲ್ಲಿ ಕೂತಿರುತ್ತವೆ. ದೈತ್ಯ ಸ್ಟೇಷನ್ನೊಂದರ ಪಕ್ಕದಲ್ಲಿರುವ ಬಡಪಾಯಿಯನ್ನು ಹುಡುಕಿ. ಬ್ಯಾಂಡ್‌ವಿಡ್ತ್ ಬದಲಿಸುವ ಗುಂಡಿ ಇದ್ದರೆ ಅಗಲದಿಂದ ಕಿರಿದಿಗೆ ಬನ್ನಿ. ಪಕ್ಕದವನ ಮಾತು ಕರಗಿ ಬಡಪಾಯಿಯ ಮಾತು ಉಳಿದರೆ ಫಿಲ್ಟರ್ ಕೆಲಸ ಮಾಡುತ್ತಿದೆ. ಕಿರಿದು ಮಾಡಿದಷ್ಟೂ ದನಿ ಮಂಕಾಗುತ್ತದೆ, ಹಾಡು ಸೊರಗುತ್ತದೆ. ಹಾಗಾಗಿ ಎರಡಕ್ಕಿಂತ ಹೆಚ್ಚು ಆಯ್ಕೆ ಇರುವ ಸೆಟ್ಟಿಗೆ ಬೆಲೆ. ಒಂದು ಎಚ್ಚರ: ಸುಮಾರು 10 ಕಿಲೋಹರ್ಟ್ಸ್ ಅಗಲಕ್ಕೆ ಒಂದೇ ಸಮನೆ ಭೋರೆನ್ನುವ ಸದ್ದು ಬಂದರೆ ಅದು ಡಿಆರ್‌ಎಂ ಡಿಜಿಟಲ್ ಪ್ರಸಾರವಿರಬಹುದು. ಮಾಮೂಲಿ ಸೆಟ್ಟಿಗೆ ಅದು ಗದ್ದಲವಾಗಿಯೇ ಕೇಳುತ್ತದೆ.

ಮೂರನೆಯದು ಭೂತದ ಪರೀಕ್ಷೆ. ಅಗ್ಗದ ಸೆಟ್ಟುಗಳು ಬಂದ ಅಲೆಯನ್ನು ಒಂದೇ ಸಲ 455 ಕಿಲೋಹರ್ಟ್ಸ್‌ಗೆ ಇಳಿಸಿ ಹಿಗ್ಗಿಸುತ್ತವೆ. ಈ ವಿಧಾನದಲ್ಲಿ ಒಂದು ಸ್ಟೇಷನ್ನು ಡಯಲ್ಲಿನ ಮೇಲೆ ಎರಡು ಕಡೆ ಕಾಣಿಸಿಕೊಳ್ಳುವ ಅಪಾಯವಿದೆ. ಎರಡರ ಅಂತರ 455ರ ಇಮ್ಮಡಿ, ಅಂದರೆ 910 ಕಿಲೋಹರ್ಟ್ಸ್. ಉದಾಹರಣೆಗೆ, 9690 ಕಿಲೋಹರ್ಟ್ಸ್‌ನಲ್ಲಿ ಜೋರಾದ ಸ್ಟೇಷನ್ ಸಿಕ್ಕಿತು ಎನ್ನಿ. ಅದರಿಂದ 910 ಕಳೆಯಿರಿ: 8780. ಅಲ್ಲಿಗೆ ಹೋಗಿ ಕೇಳಿ. ಅದೇ ದನಿ, ಅದೇ ವಾಕ್ಯ ಅಲ್ಲೂ ನಡೆಯುತ್ತಿದ್ದರೆ ಅದು ಭೂತ. ಮಂದವಾಗಿದ್ದರೆ ಕ್ಷಮಿಸಬಹುದು. ಅಸಲಿಗೆ ಸರಿಸಮವಾಗಿ ಕೂಗುತ್ತಿದ್ದರೆ ಇಂಥ ಭೂತಗಳು ಬೇರೆ ಬ್ಯಾಂಡುಗಳಲ್ಲಿ ಅಸಲಿ ಸ್ಟೇಷನ್ನುಗಳ ಮೇಲೆ ಕೂತು ಕಾಡುತ್ತವೆ ಎಂದೇ ಅರ್ಥ. ಎರಡು ಹಂತದಲ್ಲಿ ಇಳಿಸುವ ಡಬಲ್ ಕನ್ವರ್ಷನ್ ಸೆಟ್ಟುಗಳಲ್ಲಿ ಈ ಕಾಟ ಬಹುಮಟ್ಟಿಗೆ ಇರುವುದಿಲ್ಲ.

ಭೂತಗಳಿಗೆ ಇನ್ನೊಂದು ಮೂಲ ಅಜೀರ್ಣ. ಹತ್ತಿರದಲ್ಲಿ ಬಲಶಾಲಿ ಪ್ರಸಾರಕವಿದ್ದರೆ ಅಥವಾ ಉದ್ದ ತಂತಿ ಸಿಕ್ಕಿಸಿದರೆ ಸೆಟ್ಟಿನ ಮುಂಭಾಗಕ್ಕೆ ಅರಗಿಸಿಕೊಳ್ಳಲಾಗದೆ ಸ್ಟೇಷನ್ನುಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಬೆಂಗಳೂರಿನ 612, ಧಾರವಾಡದ 765 ಕಿಲೋಹರ್ಟ್ಸ್ ಮೀಡಿಯಂ ವೇವ್ ಪ್ರಸಾರಕಗಳು 200 ಕಿಲೋವ್ಯಾಟಿನವು. ಅಂಥವುಗಳ ನೆರೆಯಲ್ಲಿರುವವರು ಸ್ಥಳೀಯ ಕಾರ್ಯಕ್ರಮ ಶಾರ್ಟ್‌ವೇವ್‌ನಲ್ಲೂ ಇಣುಕುತ್ತದೆಯೇ ಎಂದು ನೋಡಬೇಕು. ಪಕ್ಕದಲ್ಲಿರುವ ‘ಡಿಎಕ್ಸ್/ಲೋಕಲ್’ ಸ್ವಿಚ್ಚನ್ನು ಲೋಕಲ್‌ಗೆ ತಳ್ಳಿ. ಅಸಲಿ ಸ್ಟೇಷನ್ ತುಸು ತಗ್ಗಿ ಉಳಿದು, ಕಲಸುಮೇಲೋಗರ ಮಾಯವಾದರೆ ಅದು ಸೆಟ್ಟಿನೊಳಗೇ ಹುಟ್ಟಿದ್ದು.

ಈಗಿನ ಅನೇಕ ಸಣ್ಣ ಸೆಟ್ಟುಗಳಲ್ಲಿ ಇಡೀ ರೇಡಿಯೊ ಒಂದು ಡಿಎಸ್‌ಪಿ ಚಿಪ್ಪಿನೊಳಗಿರುತ್ತದೆ. ಕಂಪನಾಂಕ ಅಂಕಿಯಲ್ಲಿ ಕಾಣುತ್ತದೆ, ಜಾರುವುದಿಲ್ಲ, ಬೆಲೆಯೂ ಇಳಿದಿದೆ. ಇವುಗಳ ಒಂದು ಚಾಳಿಯನ್ನು ಗಮನಿಸಿ: ಅಲೆ ಕ್ಷೀಣಿಸಿದ ಕೂಡಲೇ ದನಿಯನ್ನೂ ತಾನಾಗಿ ತಗ್ಗಿಸುತ್ತವೆ. ಎಫ್‌ಎಂಗೆ ಇದು ಹಿತ. ಶಾರ್ಟ್‌ವೇವ್‌ನಲ್ಲಿ ಏರಿಳಿಯುವ ದೂರದ ಸ್ಟೇಷನ್ನು ವಾಕ್ಯದ ನಡುನಡುವೆ ನುಂಗಿದಂತೆ ಕೇಳುತ್ತದೆ. ತಿರುಗಣೆ ತಿರುಗಿಸುವಾಗ ಪ್ರತಿ ಹೆಜ್ಜೆಗೂ ದನಿ ಕತ್ತರಿಸಿದರೆ ಬ್ಯಾಂಡ್ ಜಾಲಾಡುವ ಸುಖವೇ ಹೋಗುತ್ತದೆ. ಇವೆರಡೂ ಕೈಯಲ್ಲಿ ಹಿಡಿದು ಕೇಳಿದರೆ ಮಾತ್ರ ಗೊತ್ತಾಗುವಂಥವು.

ಎಸ್‌ಎಸ್‌ಬಿ ಮತ್ತು ಸಿಂಕ್

ಬೆಲೆ ಏರಿದಂತೆ ಸಿಗುವ ಮುಖ್ಯ ಸೌಲಭ್ಯಗಳು ಇವೆರಡು. ಹ್ಯಾಮ್ ರೇಡಿಯೊದವರ ಮಾತು ಎಸ್‌ಎಸ್‌ಬಿ ವಿಧಾನದಲ್ಲಿ ಬರುತ್ತದೆ. ಸಾದಾ ಸೆಟ್ಟಿನಲ್ಲಿ ಅದು ಬಾತುಕೋಳಿಯ ಕ್ವಾಕ್ ಕ್ವಾಕ್. ಎಸ್‌ಎಸ್‌ಬಿ ಇರುವ ಸೆಟ್ಟಾದರೆ ಬೆಳಗಿನ ಹೊತ್ತು 7000ದಿಂದ 7200 ಕಿಲೋಹರ್ಟ್ಸ್ ನಡುವೆ ಎಲ್‌ಎಸ್‌ಬಿಗೆ (ಎಸ್‌ಎಸ್‌ಬಿಯ ಕೆಳಬದಿಗೆ) ಹಾಕಿ ಸಣ್ಣ ಹೆಜ್ಜೆಯಲ್ಲಿ ತಿರುಗಿಸುತ್ತ ಹೋಗಿ. ಕೀರಲು ದನಿ ಇಳಿಯುತ್ತ ಇಳಿಯುತ್ತ ಮನುಷ್ಯನ ದನಿಯಾಗುವ ಒಂದು ಬಿಂದು ಸಿಗುತ್ತದೆ. ವಿಯು ಎಂದು ಶುರುವಾಗುವ ಕರೆಸಂಕೇತಗಳು ನಮ್ಮ ದೇಶದವರವು. ಮಾತು ಸ್ಪಷ್ಟವಾದ ಮೇಲೆ ಐದು ನಿಮಿಷ ಕೈ ಹಚ್ಚದೆ ಬಿಡಿ. ದನಿ ಮತ್ತೆ ಕೀರಲಾದರೆ ಸೆಟ್ಟು ಜಾರುತ್ತಿದೆ.

ಅಂಕಿ ನಿಖರವಾಗಿದೆಯೇ ಎಂದು ನೋಡಲು ಸಮಯ ಸಾರುವ ಕೇಂದ್ರಗಳಿವೆ. ಚೀನಾದ ಬಿಪಿಎಂ ಕೇಂದ್ರ ಕರಾರುವಾಕ್ಕಾಗಿ 5, 10 ಮತ್ತು 15 ಮೆಗಾಹರ್ಟ್ಸ್‌ನಲ್ಲಿ ಸೆಕೆಂಡಿಗೊಂದು ಟಿಕ್ ಕಳಿಸುತ್ತದೆ. ಟಿಕ್ ಕೇಳಿದಾಗ ಎಸ್‌ಎಸ್‌ಬಿಗೆ ಬದಲಿಸಿ, ಅಂಕಿ 10.000 ಎಂದಿರುವಾಗ ಶಿಳ್ಳೆ ಬರಬಾರದು. ಬಂದರೆ ಅದು ಇಲ್ಲವಾಗುವವರೆಗೆ ತಿರುಗಿಸಿ. ಎಷ್ಟು ಸರಿಸಿದಿರೋ ಅಷ್ಟು ಸೆಟ್ಟಿನ ತಪ್ಪು.

ಸಿಂಕ್ ಅಥವಾ ಸಿಂಕ್ರೊನಸ್ ಡಿಟೆಕ್ಷನ್ ಬೇರೆ ಸಮಸ್ಯೆಯದು. ಅಲೆ ಎರಡು ದಾರಿಯಲ್ಲಿ ಬಂದು ಒಂದನ್ನೊಂದು ಹೊಡೆದುಹಾಕುವಾಗ ವಾಹಕ ಅಲೆ ಕ್ಷೀಣಿಸಿ ದನಿ ಒಡೆದುಹೋಗುತ್ತದೆ. ಸಿಂಕ್ ಇರುವ ಸೆಟ್ಟು ತನ್ನದೇ ವಾಹಕವನ್ನು ಹುಟ್ಟಿಸಿ ಆ ಜಾಗ ತುಂಬುತ್ತದೆ. ಈಗ ತಯಾರಿಕೆ ನಿಂತಿರುವ ಸೋನಿ ಐಸಿಎಫ್-ಎಸ್‌ಡಬ್ಲ್ಯು7600ಜಿಆರ್‌ಗೆ ಹೆಸರು ತಂದದ್ದರಲ್ಲಿ ಇದೂ ಒಂದು. ಟೆಕ್ಸನ್ನಿನ ಪಿಎಲ್-660, ಪಿಎಲ್-330ಗಳಲ್ಲೂ ಸಿಂಕ್ ಇದೆ, ಎಸ್‌ಎಸ್‌ಬಿಯೂ ಇದೆ. ಸಿಂಕ್ ಗುಂಡಿ ಒತ್ತಿ, ಏರಿಳಿಯುವ ಸ್ಟೇಷನ್ನಿನ ಮೇಲೆ ಬಿಡಿ. ಹಿಡಿತ ತಪ್ಪಿದಾಗಲೆಲ್ಲ ಊಳಿಟ್ಟರೆ ಆ ಸೌಲಭ್ಯ ಹೆಸರಿಗಷ್ಟೇ.

ಹಳೇ ಸೆಟ್ಟು, ಸಣ್ಣ ಸಂಗತಿಗಳು

ಸೆಕೆಂಡ್‌ಹ್ಯಾಂಡ್ ಸೆಟ್ಟಿನಲ್ಲಿ ಮೊದಲು ಸೆಲ್ಲಿನ ಮನೆ ತೆರೆದು ನೋಡಿ. ಸ್ಪ್ರಿಂಗಿನ ಮೇಲೆ ಬಿಳಿ ಅಥವಾ ಹಸಿರು ಪುಡಿ ಇದ್ದರೆ ಸೆಲ್ ಸೋರಿದೆ. ಅದು ಬೋರ್ಡಿನವರೆಗೆ ಹೋಗಿರಬಹುದು. ವಾಲ್ಯೂಮ್ ಮತ್ತು ಬ್ಯಾಂಡ್ ಸ್ವಿಚ್ ಕರಕರ ಎಂದರೆ ಸ್ವಚ್ಛ ಮಾಡಿದರೆ ಸರಿಹೋಗುವ ಸಾಧ್ಯತೆ ಹೆಚ್ಚು. ತಿರುಗಣೆ ತಿರುಗಿ ಮುಳ್ಳು ನಿಂತರೆ ಡಯಲ್ ದಾರ ಜಾರಿದೆ. ಮುಳ್ಳಿನ ಸೆಟ್ಟುಗಳಲ್ಲಿ ಇಡೀ 31 ಮೀಟರ್ ಬ್ಯಾಂಡು ಬೆರಳಗಲದ ಜಾಗದಲ್ಲಿ ಅಡಕವಾಗಿದ್ದರೆ ಕೂದಲೆಳೆ ಸರಿಸಿದರೂ ಎರಡು ಸ್ಟೇಷನ್ ದಾಟಿರುತ್ತದೆ. ಫೈನ್ ಟ್ಯೂನಿಂಗ್ ಇದೆಯೇ ಕೇಳಿ. ಆಂಟೆನಾ ಕಡ್ಡಿಯ ಬುಡವನ್ನು ಅಲ್ಲಾಡಿಸಿ. ಸದ್ದು ಬಂದು ಹೋಗಿ ಮಾಡಿದರೆ ಒಳಗಿನ ಜೋಡಣೆ ಸಡಿಲ.

ಹೊಸದರಲ್ಲಿ: ಕಂಪನಾಂಕವನ್ನು ಅಂಕಿ ಒತ್ತಿಯೇ ಹಾಕಬಹುದೇ? ಶಾರ್ಟ್‌ವೇವ್ ತುಂಡುತುಂಡಾಗಿದೆಯೇ, ನಿರಂತರವಾಗಿದೆಯೇ? ಪೆನ್ಸಿಲ್ ಸೆಲ್ ಹಾಕಬಹುದೇ ಅಥವಾ ವಿಶೇಷ ಬ್ಯಾಟರಿ ಬೇಕೇ? ಹೊರಗಿನ ಆಂಟೆನಾಗೆ ರಂಧ್ರವಿದೆಯೇ? ವಿದೇಶದಿಂದ ಬಂದದ್ದಾದರೆ ಮೀಡಿಯಂ ವೇವ್ ಹೆಜ್ಜೆಯನ್ನು 10ರಿಂದ 9 ಕಿಲೋಹರ್ಟ್ಸ್‌ಗೆ ಬದಲಿಸಲು ಮರೆಯಬೇಡಿ. ಇಲ್ಲದಿದ್ದರೆ ಆಕಾಶವಾಣಿಯ ಮೇಲೆ ಮುಳ್ಳು ಸರಿಯಾಗಿ ಕೂರುವುದೇ ಇಲ್ಲ.

ಬರೆದಿಟ್ಟು ತೀರ್ಮಾನ

ಕಿವಿಯ ನೆನಪು ಮೋಸ ಮಾಡುತ್ತದೆ. ಕೇಳುಗರು ಬಹುಕಾಲದಿಂದ ಬಳಸುವ ಸಿನ್ಪೋ ಎಂಬ ಐದಂಕಿಯ ಕ್ರಮವಿದೆ: ಬಲ, ಪಕ್ಕದ ಸ್ಟೇಷನ್ನಿನ ಅಡ್ಡಿ, ಗದ್ದಲ, ಏರಿಳಿತ, ಒಟ್ಟಾರೆ ಎಂದು ಒಂದೊಂದಕ್ಕೂ 1ರಿಂದ 5. ಐದು ಅತ್ಯುತ್ತಮ. ದಿನಾಂಕ, ಹೊತ್ತು, ಕಂಪನಾಂಕ, ಸಿನ್ಪೋ ಬರೆಯುತ್ತ ಹೋದರೆ ಒಂದು ವಾರದಲ್ಲಿ ಚಿತ್ರ ಸ್ಪಷ್ಟವಾಗುತ್ತದೆ. ಏರಿಳಿತದ ಅಂಕಿ ದಿನಕ್ಕೊಂದು ಥರ ಕುಣಿದರೆ ಆಕಾಶ. ಮನೆಯಲ್ಲಿ ಗದ್ದಲಕ್ಕೆ 2, ಬಯಲಿನಲ್ಲಿ 4 ಬಂದರೆ ಮನೆ. ಬೇರೆ ಸೆಟ್ಟಿಗೆ ಅಡ್ಡಿಯಲ್ಲಿ 4 ಸಿಕ್ಕ ಜಾಗದಲ್ಲಿ ನಿಮ್ಮದಕ್ಕೆ ಸದಾ 2 ಸಿಕ್ಕರೆ ಆಗ ಸೆಟ್ಟನ್ನು ದೂರಿ. ವಾಪಸಾತಿಯ ಗಡುವು ಮುಗಿಯುವ ಮೊದಲೇ ಇದಿಷ್ಟನ್ನೂ ಮಾಡಿಬಿಡಬಹುದು.

ಖಾಲಿ ಜಾಗದ ಪರೀಕ್ಷೆಯಲ್ಲೂ ಭೂತದ ಪರೀಕ್ಷೆಯಲ್ಲೂ ಪಾಸಾದ ಸೆಟ್ಟು ಕೈಯಲ್ಲಿದ್ದರೆ ಇನ್ನೂ ದುಬಾರಿಯದಕ್ಕೆ ಆಸೆಪಡುವ ಮುನ್ನ ತಂತಿಗೆ ಖರ್ಚು ಮಾಡಿ. ಹಿಂದೆ ಮನೆಗಳಲ್ಲಿ ಗೋಡೆಯಿಂದ ಗೋಡೆಗೆ ಜಾಲರಿ ಪಟ್ಟಿಯ ಏರಿಯಲ್ ಕಟ್ಟುತ್ತಿದ್ದುದು ಶೋಕಿಗಲ್ಲ. ಐದಾರು ಮೀಟರ್ ಪ್ಲಾಸ್ಟಿಕ್ ಹೊದಿಕೆಯ ಸಾದಾ ತಂತಿಯನ್ನು ಕಿಟಕಿಯಿಂದ ಹೊರಗೆ ಮರಕ್ಕೋ ತಾರಸಿಯ ಕಂಬಕ್ಕೋ ಕಟ್ಟಿ, ತುದಿಯನ್ನು ಕಡ್ಡಿಗೆ ಕ್ಲಿಪ್ಪಿನಿಂದ ಸಿಕ್ಕಿಸಿದರೆ ಸಾಮಾನ್ಯ ಸೆಟ್ಟಿನ ಸ್ಥಿತಿಯೇ ಬದಲಾಗುತ್ತದೆ. ಇನ್ನೂ ಉದ್ದ ಮಾಡಿದರೆ ಅಜೀರ್ಣ ಶುರುವಾಗಬಹುದು. ವಿದ್ಯುತ್ ತಂತಿಯ ಮೇಲೆ, ಕೆಳಗೆ, ಹತ್ತಿರ ಎಲ್ಲೂ ಇದನ್ನು ಹಾಯಿಸಬಾರದು. ಗುಡುಗು ದೂರದಲ್ಲಿರುವಾಗಲೇ ಕ್ಲಿಪ್ ಕಳಚಿ ತಂತಿಯನ್ನು ಕಿಟಕಿಯ ಹೊರಗೆ ಬಿಡಬೇಕು.